ಹೋಂಸ್ಟೇಯಲ್ಲಿ ಅತಿಥಿಯ ಕಾರು ಚಾರ್ಜ್‌ಗೆ ಹಾಕಿದರೆ ಮಾಲೀಕರಿಗೆ ಎಷ್ಟು ಹೊರೆ? ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕ ನೋಡಿ

ಶುಕ್ರವಾರ ಸಂಜೆ. ಬೆಂಗಳೂರಿನಿಂದ ಹೊರಟ ಎಲೆಕ್ಟ್ರಿಕ್ ಕಾರೊಂದು ಸುಮಾರು 260 ಕಿ.ಮೀ. ಓಡಿ ಮಡಿಕೇರಿ ಹತ್ತಿರದ ಹೋಂಸ್ಟೇ ಅಂಗಳಕ್ಕೆ ಬಂದು ನಿಲ್ಲುತ್ತದೆ. ಪರದೆಯ ಮೇಲೆ ಬ್ಯಾಟರಿ 20% ತೋರಿಸುತ್ತಿದೆ. ಇಳಿದವರ ಮೊದಲ ಪ್ರಶ್ನೆ ಕಾಫಿಯದ್ದಲ್ಲ, ಊಟದ್ದೂ ಅಲ್ಲ: "ಸರ್, ಇಲ್ಲೆಲ್ಲಾದ್ರೂ 15 ಆಂಪ್ಸ್ ಪಾಯಿಂಟ್ ಇದೆಯಾ? ಗಾಡಿ ಚಾರ್ಜ್‌ಗೆ ಹಾಕ್ಬೇಕಿತ್ತು."

ಮನೆಗೆ ಬಂದವರಿಗೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದರೆ ಬಿಲ್ ಎಷ್ಟು ಬರುತ್ತದೋ? ದುಡ್ಡು ಕೇಳಿದರೆ ಅತಿಥಿ ಬೇಸರ ಮಾಡಿಕೊಂಡು ಕಡಿಮೆ ಸ್ಟಾರ್ ಕೊಟ್ಟುಬಿಟ್ಟರೆ? ಮಾಲೀಕರು ಇಂಥ ಗೊಂದಲದಲ್ಲಿರುವಾಗ ಗ್ರೂಪುಗಳಲ್ಲಿ ಬಗೆಬಗೆಯ ಮಾತು ಕೇಳಿಬರುತ್ತದೆ. ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕರೆಂಟು ಹೋಗುತ್ತದೆ ಎನ್ನುತ್ತಾರೆ ಕೆಲವರು. ಮೊಬೈಲ್ ಚಾರ್ಜ್ ಮಾಡಿದಷ್ಟೇ, ಅದಕ್ಕೂ ದುಡ್ಡಾ ಎನ್ನುತ್ತಾರೆ ಇನ್ನು ಕೆಲವರು. ಕೇಳದೆ ಹಾಕಿದರೆ ವಿದ್ಯುತ್ ಕಳ್ಳತನದ ಕೇಸು ಎಂದು ಒಬ್ಬರು, ಹಣ ಕೇಳಿದರೆ ಮಾಲೀಕರ ಮೇಲೇ ಕೇಸು ಎಂದು ಮತ್ತೊಬ್ಬರು.

ಇವುಗಳಲ್ಲಿ ನಿಜ ಯಾವುದು, ಅರೆನಿಜ ಯಾವುದು? ನಾವು ಒಂದೊಂದಾಗಿ ನೋಡೋಣ.

ಹೇಳಿಕೆ 1: "ಒಂದು ರಾತ್ರಿ ಚಾರ್ಜ್ ಮಾಡಿದರೆ ಸಾವಿರಾರು ರೂಪಾಯಿ ಬಿಲ್"

ಮೊದಲು ಅಳತೆಯನ್ನು ಅರ್ಥ ಮಾಡಿಕೊಳ್ಳೋಣ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. ಕಾರಿನ ಬ್ಯಾಟರಿಯನ್ನು ಅಳೆಯುವುದೂ ಇದೇ ಮಾಪನದಲ್ಲಿ. ಟಾಟಾ ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಯೂನಿಟ್, ಎಂಜಿ ವಿಂಡ್ಸರ್ 38, ನೆಕ್ಸಾನ್ ಇವಿಯ ಹೊಸ ಮಾದರಿ 45, ಮಹೀಂದ್ರ ಬಿಇ 6ರ ದೊಡ್ಡ ಮಾದರಿ 79. ಏಥರ್ 450ಎಕ್ಸ್‌ನಂಥ ಸ್ಕೂಟರಿನದ್ದು 3.7 ಯೂನಿಟ್ ಮಾತ್ರ.

ಗೋಡೆಯ ಸಾಕೆಟ್‌ನಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ವಿದ್ಯುತ್ ಶಾಖವಾಗಿ ನಷ್ಟವಾಗುತ್ತದೆ. ಸಾಮಾನ್ಯವಾಗಿ ಅದು 10ರಿಂದ 15%. ಹಾಗಾಗಿ 45 ಯೂನಿಟ್ ಬ್ಯಾಟರಿಯನ್ನು 20%ರಿಂದ 100%ಕ್ಕೆ ತುಂಬಲು ಬೇಕಾದ 36 ಯೂನಿಟ್‌ಗೆ ಮನೆಯ ಮೀಟರಿನಲ್ಲಿ 41 ಯೂನಿಟ್ ಓಡುತ್ತದೆ.

ಆದರೆ ಒಂದು ರಾತ್ರಿಯಲ್ಲಿ ಅಷ್ಟು ತುಂಬುವುದೇ ಇಲ್ಲ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರನ್ನು ಮಾಮೂಲಿ 16 ಆಂಪ್ಸ್ ಸಾಕೆಟ್‌ಗೆ ಹಾಕಿದರೆ (ಹಳೆ ರೂಢಿಯಲ್ಲಿ ನಾವು 15 ಆಂಪ್ಸ್ ಅನ್ನುವುದು ಇದನ್ನೇ) ಅದು ಎಳೆಯುವುದು ಹೆಚ್ಚೆಂದರೆ 3.3 ಕಿಲೋವ್ಯಾಟ್. ರಾತ್ರಿ 10ಕ್ಕೆ ಹಾಕಿ ಬೆಳಿಗ್ಗೆ 7ಕ್ಕೆ ತೆಗೆದರೆ 9 ಗಂಟೆ. 9ನ್ನು 3.3ರಿಂದ ಗುಣಿಸಿದರೆ ಸುಮಾರು 30 ಯೂನಿಟ್. ಕಾರಿನ ಬ್ಯಾಟರಿ 45 ಇರಲಿ, 79 ಇರಲಿ, ಆ ಸಾಕೆಟ್‌ನಿಂದ ಒಂದು ರಾತ್ರಿಗೆ ಹೋಗುವುದು ಇಷ್ಟೇ. ದೊಡ್ಡ ಕಾರು ಬಂದರೆ ದೊಡ್ಡ ಬಿಲ್ ಎಂಬ ಭಯಕ್ಕೆ ಆಧಾರವಿಲ್ಲ.

ಕರ್ನಾಟಕದಲ್ಲಿ ಗೃಹಬಳಕೆಯ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 5.80 ರೂ. ಇತ್ತು. ಅದರ ಮೇಲೆ ಸರ್‌ಚಾರ್ಜ್, ತೆರಿಗೆ ಸೇರಿ 7 ರೂಪಾಯಿ ಹತ್ತಿರ ಹೋಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ನಾವು 7 ರೂಪಾಯಿ ಎಂದೇ ಹಿಡಿಯೋಣ.

- ಸ್ಕೂಟರ್, ಪೂರ್ತಿ ಚಾರ್ಜ್: ಸುಮಾರು 4 ಯೂನಿಟ್, 28 ರೂ.
- ಕಾರು, ಒಂದು ರಾತ್ರಿ, 16 ಆಂಪ್ಸ್ ಸಾಕೆಟ್: ಸುಮಾರು 30 ಯೂನಿಟ್, 210 ರೂ.
- ಕಾರು, ಒಂದು ರಾತ್ರಿ, ಗೋಡೆಗೆ ಕೂರಿಸಿದ 7.2 ಕಿಲೋವ್ಯಾಟ್ ಚಾರ್ಜರ್: ಹೆಚ್ಚೆಂದರೆ 65 ಯೂನಿಟ್, 455 ರೂ.

ಅಂದರೆ "ಸಾವಿರಾರು ರೂಪಾಯಿ" ಎಂಬುದು ಸಾಮಾನ್ಯ ಸಂದರ್ಭದಲ್ಲಿ ತಪ್ಪು. ಹೊರದೇಶದ ಲೆಕ್ಕ ಬೇರೆ. 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ ಮನೆಗಳಿಗೆ ಯೂನಿಟ್ ದರವನ್ನು ಸರಾಸರಿ 34 ಪೆನ್ಸ್‌ಗೆ ಕಟ್ಟಿಹಾಕಿತ್ತು. ಅದೇ 30 ಯೂನಿಟ್‌ಗೆ ಅಲ್ಲಿ 10 ಪೌಂಡ್, ನಮ್ಮ ದುಡ್ಡಿನಲ್ಲಿ ಸಾವಿರ ರೂಪಾಯಿ ಹತ್ತಿರ. ರಜಾ ಮನೆ ಬಾಡಿಗೆ ಕೊಡುವವರಿಗೂ ಅತಿಥಿಗಳಿಗೂ ಅಲ್ಲಿ ಈ ಜಗಳ ನಮಗಿಂತ ಮೊದಲೇ ಶುರುವಾಗಿದೆ. ಮಾಮೂಲಿ ಪ್ಲಗ್‌ಗೆ ಹಾಕುವ ಚಾರ್ಜರಿಗೆ ಅಲ್ಲಿನವರು ಇಟ್ಟ ಅಡ್ಡಹೆಸರು 'ಅಜ್ಜಿ ಕೇಬಲ್'. ಅಜ್ಜಿ ಮನೆಗೆ ಹೋದಾಗ ಬಳಸುವಂಥದ್ದು ಎಂದು! ಅಲ್ಲಿನ ಮೊತ್ತವನ್ನು ಹಾಗೇ ರೂಪಾಯಿಗೆ ತಿರುಗಿಸಿ ನಮ್ಮೂರಿನ ಬಿಲ್ ಎಂದು ಹೇಳಿದರೆ ಲೆಕ್ಕ ತಪ್ಪುತ್ತದೆ.

ಹೇಳಿಕೆ 2: "ಮೊಬೈಲ್ ಚಾರ್ಜ್ ಮಾಡಿದ ಹಾಗೆ, ಏನು ಮಹಾ?"

ಇದೂ ತಪ್ಪು. ಇಂದಿನ ಫೋನಿನ 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 0.02 ಯೂನಿಟ್. 45 ಯೂನಿಟ್ ಕಾರಿನ ಬ್ಯಾಟರಿ ಎಂದರೆ ಎರಡು ಸಾವಿರಕ್ಕೂ ಹೆಚ್ಚು ಫೋನುಗಳು.

ಕೋಣೆಯ ಬೇರೆ ಬಳಕೆಯ ಜೊತೆ ಹೋಲಿಸಿ ನೋಡಿ. 15 ಲೀಟರ್ ಗೀಸರ್ ಒಮ್ಮೆ ನೀರು ಕಾಯಿಸಲು ಅರ್ಧ ಯೂನಿಟ್ ಸಾಕು. ಒಂದೂವರೆ ಟನ್ ಎಸಿ ರಾತ್ರಿಯಿಡೀ ಓಡಿದರೂ ಸಾಮಾನ್ಯವಾಗಿ 10 ಯೂನಿಟ್ ಒಳಗೆ. ಕಾರು ಒಂದೇ ರಾತ್ರಿ 30 ಯೂನಿಟ್ ಕುಡಿಯುತ್ತದೆ. ಎಷ್ಟೋ ಚಿಕ್ಕ ಕುಟುಂಬಗಳಿಗೆ ಇದು ಒಂದು ವಾರದ ಕರೆಂಟು.

ಇನ್ನೊಂದು ರೀತಿಯಲ್ಲೂ ಯೋಚಿಸಬಹುದು. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು 260 ಕಿ.ಮೀ. ಬರಲು 17 ಲೀಟರ್ ಬೇಕು. ಲೀಟರ್‌ಗೆ 100 ರೂ. ಹಿಡಿದರೂ 1,700 ರೂ. "ಬಾಡಿಗೆ ಕೊಟ್ಟಿದ್ದೇವಲ್ಲ, ಟ್ಯಾಂಕ್ ತುಂಬಿಸಿಕೊಡಿ" ಎಂದು ಯಾವ ಅತಿಥಿಯೂ ಕೇಳುವುದಿಲ್ಲ. ಹೆದ್ದಾರಿಯ ಖಾಸಗಿ ವೇಗದ ಚಾರ್ಜರುಗಳಲ್ಲಿ ಯೂನಿಟ್‌ಗೆ ಸಾಮಾನ್ಯವಾಗಿ 15ರಿಂದ 25 ರೂ. ಕೊಡುತ್ತೇವೆ. ಹೋಂಸ್ಟೇಯಲ್ಲಿ ಸಿಗುವ 30 ಯೂನಿಟ್‌ಗೆ ಅಲ್ಲಿ 450ರಿಂದ 750 ರೂ. ಆಗುತ್ತಿತ್ತು. ಇಲ್ಲಿ 250-300 ರೂ. ಕೊಟ್ಟರೂ ಅತಿಥಿಗೆ ಲಾಭವೇ.

ಸಣ್ಣ ಮೊತ್ತ ದೊಡ್ಡದಾಗುವ ಮೂರು ಸಂದರ್ಭ

ರಾತ್ರಿಗೆ 210 ರೂ. ಎಂದು ನಿಟ್ಟುಸಿರು ಬಿಡುವ ಮುನ್ನ, ಈ ಲೆಕ್ಕ ತಲೆಕೆಳಗಾಗುವ ಸಂದರ್ಭಗಳನ್ನೂ ಹೇಳಬೇಕು.

ಮೊದಲನೆಯದು ಜನರೇಟರ್. ಮಳೆಗಾಲದಲ್ಲಿ ಮಲೆನಾಡು, ಕೊಡಗಿನಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲಾಗದು. ಆಗ ಹೋಂಸ್ಟೇ ನಡೆಯುವುದು ಡೀಸೆಲ್ ಜನರೇಟರಿನಿಂದ. ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಹೆಚ್ಚುಕಡಿಮೆ 3 ಯೂನಿಟ್ ಕೊಡುತ್ತದೆ. ಡೀಸೆಲ್ 90 ರೂ. ಎಂದರೆ ಯೂನಿಟ್‌ಗೆ 30 ರೂ. ಅದೇ 30 ಯೂನಿಟ್‌ಗೆ ಈಗ 900 ರೂ.! ಜೊತೆಗೆ 5 ಕೆವಿಎ ಜನರೇಟರ್ ಕೊಡುವುದೇ 4 ಕಿಲೋವ್ಯಾಟ್. ಕಾರೊಂದೇ 3.3 ಕಿಲೋವ್ಯಾಟ್ ಎಳೆದರೆ ಉಳಿದ ಕೋಣೆಗಳ ಗತಿ? ಇನ್ನು ಮನೆಯ ಇನ್ವರ್ಟರಿನ ಮಾತೇ ಬೇಡ. 150 ಎಎಚ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್.

ಎರಡನೆಯದು ಗೃಹಜ್ಯೋತಿ. ಇದು ಹೋಂಸ್ಟೇಗಿಂತ ಹೆಚ್ಚಾಗಿ, ಹಬ್ಬಕ್ಕೋ ಜಾತ್ರೆಗೋ ಊರಿಗೆ ಬರುವ ನೆಂಟರಿಗೆ ಸಂಬಂಧಿಸಿದ ವಿಷಯ. 2023ರ ಜುಲೈ ಬಳಕೆಯಿಂದ ಜಾರಿಯಾದ ಈ ಯೋಜನೆ ಗೃಹಬಳಕೆಗೆ ಮಾತ್ರ, ವಾಣಿಜ್ಯ ಬಳಕೆಗೆ ಅಲ್ಲ. 2022-23ರ ಸರಾಸರಿ ಬಳಕೆಗೆ 10% ಸೇರಿಸಿದಷ್ಟು ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು.

ಸರಾಸರಿ 150 ಯೂನಿಟ್ ಬಳಸುವ ಮನೆ ಎಂದುಕೊಳ್ಳಿ. ಅವರಿಗೆ 165 ಯೂನಿಟ್ ಉಚಿತ. ಈ ತಿಂಗಳು ಮನೆಯವರು ಬಳಸಿದ್ದು 160, ಬಿಲ್ ಸೊನ್ನೆ. ಬೆಂಗಳೂರಿನಿಂದ ಬಂದ ತಮ್ಮನ ಕಾರು ಎರಡು ರಾತ್ರಿಯಲ್ಲಿ 50 ಯೂನಿಟ್ ತಿಂದರೆ ಒಟ್ಟು 210. ಈಗ 210 ಯೂನಿಟ್‌ಗೂ ಹಣ ಕಟ್ಟಬೇಕು, ನಿಗದಿತ ಶುಲ್ಕವೂ ಸೇರುತ್ತದೆ. ಒಂದೂವರೆ ಸಾವಿರ ದಾಟುತ್ತದೆ. ತಮ್ಮ ಬಳಸಿದ್ದು 350 ರೂಪಾಯಿಯ ಕರೆಂಟು, ಅಕ್ಕನ ಮನೆಗೆ ಬಿದ್ದ ಹೊರೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಅಕ್ಕ ಬಾಯಿಬಿಟ್ಟು ಕೇಳುವುದಿಲ್ಲ, ತಮ್ಮನಿಗೆ ಗೊತ್ತೂ ಆಗುವುದಿಲ್ಲ.

ಮೂರನೆಯದು ಸಂಖ್ಯೆ. ವರ್ಷಕ್ಕೆ ಒಂದು ಕಾರು ಬಂದರೆ ಸತ್ಕಾರ ಎಂದು ಬಿಡಬಹುದು. ವಾರಾಂತ್ಯಕ್ಕೆ ಎರಡು ರಾತ್ರಿ, ರಾತ್ರಿಗೆ ಒಂದು ಕಾರು ಎಂದರೂ ತಿಂಗಳಿಗೆ 8 ಚಾರ್ಜ್, 240 ಯೂನಿಟ್, 1,680 ರೂ. ಎರಡು ಕೋಣೆಯ ಮನೆವಾರ್ತೆ ಹೋಂಸ್ಟೇಗೆ ಇದು ಕೈಬಿಡುವ ಮೊತ್ತವಲ್ಲ.

ಹೇಳಿಕೆ 3: "ಕೇಳದೆ ಚಾರ್ಜ್ ಮಾಡಿದರೆ ವಿದ್ಯುತ್ ಕಳ್ಳತನ, ಜೈಲು"

2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 135 ಹೇಳುವ ವಿದ್ಯುತ್ ಕಳ್ಳತನ ಮುಖ್ಯವಾಗಿ ಸರಬರಾಜು ಕಂಪನಿಗೆ ಮೋಸ ಮಾಡುವಂಥದ್ದು: ತಂತಿಗೆ ಕೊಕ್ಕೆ ಹಾಕುವುದು, ಮೀಟರ್ ತಿರುಚುವುದು, ಮೀಟರ್ ತಪ್ಪಿಸಿ ಲೈನ್ ಎಳೆಯುವುದು. ಕೋಣೆಯ ಸಾಕೆಟ್‌ಗೆ ಅತಿಥಿ ಕಾರು ಹಾಕಿದರೆ ಆ ಕರೆಂಟು ಮೀಟರಿನ ಮೂಲಕವೇ ಹೋಗುತ್ತದೆ. ಸೆಸ್ಕ್‌ಗೋ ಮೆಸ್ಕಾಂಗೋ ಒಂದು ಪೈಸೆಯೂ ನಷ್ಟವಿಲ್ಲ. ನಷ್ಟವಾಗುವುದು ಮಾಲೀಕರಿಗೆ. ಹಾಗಾಗಿ ಇದು ಮೊದಲಿಗೆ ಅತಿಥಿ ಮತ್ತು ಮಾಲೀಕರ ನಡುವಿನ ಒಪ್ಪಂದದ ವಿಷಯ.

ಬೇರೆ ದೇಶಗಳಲ್ಲಿ ಕಾನೂನು ಬೇರೆ ಇದೆ. ಬ್ರಿಟನ್ನಿನ 1968ರ ಕಳ್ಳತನ ಕಾಯ್ದೆಯಲ್ಲಿ, ಅನುಮತಿಯಿಲ್ಲದೆ ಅಪ್ರಾಮಾಣಿಕವಾಗಿ ವಿದ್ಯುತ್ ಬಳಸುವುದಕ್ಕೇ ಪ್ರತ್ಯೇಕ ಸೆಕ್ಷನ್ ಇದೆ. 2013ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಚಾಂಬ್ಲಿಯಲ್ಲಿ ಶಾಲೆಯೊಂದರ ಹೊರಗಿನ ಪ್ಲಗ್‌ಗೆ ತಮ್ಮ ನಿಸ್ಸಾನ್ ಲೀಫ್ ಕಾರನ್ನು ಸುಮಾರು 20 ನಿಮಿಷ ಹಾಕಿದ್ದವರನ್ನು ಪೊಲೀಸರು ಕೆಲವು ದಿನಗಳ ನಂತರ ಬಂಧಿಸಿದ್ದರು. ಬಳಸಿದ ವಿದ್ಯುತ್ತಿನ ಬೆಲೆ ಸುಮಾರು 5 ಸೆಂಟ್! ಈ ಘಟನೆ ನಿಜ. ಆದರೆ ಅದು ನಮ್ಮ ದೇಶದ ಕಾನೂನಲ್ಲ.

ಹಾಗೆಂದು ಕೇಳದೆ ಹಾಕುವುದು ಸರಿ ಎಂದಲ್ಲ. ಬೇಡ ಎಂದು ಮಾಲೀಕರು ಹೇಳಿದ ಮೇಲೂ ಕಿಟಕಿಯಿಂದ ವೈರ್ ಎಳೆದು ಹಾಕಿದರೆ ಅದು ಒಪ್ಪಂದದ ಉಲ್ಲಂಘನೆ. ಕೋಣೆಯ ಬಾಡಿಗೆಯಲ್ಲಿ ಕೋಣೆಯ ಬಳಕೆ ಸೇರಿದೆ, ವಾಹನದ ಇಂಧನ ಸೇರಿಲ್ಲ.

ಹೇಳಿಕೆ 4: "ಮಾಲೀಕರು ಹಣ ಕೇಳುವಂತಿಲ್ಲ, ಕರೆಂಟು ಮಾರಲು ಲೈಸೆನ್ಸ್ ಬೇಕು"

ಇದು ಹಳೆಯ ಗೊಂದಲ. ವಿದ್ಯುತ್ ಮಾರಾಟಕ್ಕೆ ಪರವಾನಗಿ ಬೇಕು ಎಂಬುದು ನಿಜ. ಆದರೆ ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಈಗಿರುವ ಮನೆ ಅಥವಾ ಕಚೇರಿಯ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಎಂದು 2022ರ ಜನವರಿಯ ಮಾರ್ಗಸೂಚಿಯೂ ಹೇಳಿದೆ. ಆದ್ದರಿಂದ ಉಳಿದುಕೊಂಡ ಅತಿಥಿಯಿಂದ ಬಳಸಿದ ಕರೆಂಟಿನ ಹಣ ಪಡೆಯಲು ಲೈಸೆನ್ಸಿನ ಹೆದರಿಕೆ ಬೇಡ.

ದಾರಿಹೋಕರಿಗೂ ಚಾರ್ಜ್ ಕೊಡುವ ವ್ಯಾಪಾರ ಮಾಡುವುದಾದರೆ ಮಾತ್ರ ಬೇರೆ ಮೀಟರ್ ತೆಗೆದುಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಇವಿ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ದರವರ್ಗ ಇದೆ. ನಿಮ್ಮ ಸಂಪರ್ಕ ಯಾವ ವರ್ಗದಲ್ಲಿದೆ, ಮಂಜೂರಾದ ಲೋಡ್ ಎಷ್ಟು ಎಂಬುದು ಬಿಲ್ಲಿನ ಮೇಲೇ ಇರುತ್ತದೆ, ಒಮ್ಮೆ ನೋಡಿ.

ಹೇಳಿಕೆ 5: "15 ಆಂಪ್ಸ್ ಪ್ಲಗ್ ಇದ್ದರೆ ಸಾಕು, ಏನೂ ಆಗಲ್ಲ"

ನಮ್ಮ ಪ್ರಕಾರ ಇಡೀ ಚರ್ಚೆಯಲ್ಲಿ ಹೆಚ್ಚು ಗಮನ ಕೊಡಬೇಕಾದ ಮಾತು ಇದು. ಎಲ್ಲರೂ ಬಿಲ್ಲಿನ ಬಗ್ಗೆ ಮಾತಾಡುತ್ತಾರೆ, ವೈರಿಂಗ್ ಬಗ್ಗೆ ಯಾರೂ ಮಾತಾಡುವುದಿಲ್ಲ.

ಗೀಸರ್ ಕೂಡ ಅದೇ ಥರದ ಸಾಕೆಟ್‌ನಲ್ಲಿ ಓಡುತ್ತದಲ್ಲ, ಕಾರಿಗೇನು ತೊಂದರೆ ಎಂದು ಕೇಳಬಹುದು. ವ್ಯತ್ಯಾಸ ಸಮಯದ್ದು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆದು, 15-20 ನಿಮಿಷದಲ್ಲಿ ತಾನೇ ಆಫ್ ಆಗುತ್ತದೆ. ಕಾರು 14 ಆಂಪ್ಸ್‌ನಂತೆ 9 ಗಂಟೆ ಬಿಡುವಿಲ್ಲದೆ ಎಳೆಯುತ್ತದೆ.

ಹಳೆಯ ಸಾಕೆಟ್‌ನಲ್ಲಿ ಪಿನ್ ಸಡಿಲವಾಗಿದ್ದರೆ ಆ ಜಾಗದಲ್ಲಿ ಸಣ್ಣ ಪ್ರತಿರೋಧ ಹುಟ್ಟುತ್ತದೆ. ಅದು ಬರೀ 0.1 ಓಮ್ ಇದ್ದರೂ 14 ಆಂಪ್ಸ್ ಹರಿದಾಗ ಆ ಒಂದು ಚುಕ್ಕೆಯಲ್ಲಿ ಸುಮಾರು 20 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಕಡ್ಡಿಯಷ್ಟು ಬಿಸಿ, ಪ್ಲಾಸ್ಟಿಕ್ ಸಾಕೆಟ್ಟಿನ ಒಳಗೆ, ರಾತ್ರಿಯಿಡೀ! ಪ್ಲಗ್ ಕಂದಾಗುವುದು, ಕರಗುವುದು, ಕೊನೆಗೆ ಬೆಂಕಿ ಹೊತ್ತಿಕೊಳ್ಳುವುದು ಹೀಗೆ. ಮರದ ಅಟ್ಟ, ಹಳೆ ಕಾಲದ ವೈರಿಂಗ್ ಇರುವ ಮನೆಗಳಲ್ಲಿ ಇದು ಆಟದ ಮಾತಲ್ಲ. ಎಂಸಿಬಿ ಇದೆಯಲ್ಲ ಎಂದುಕೊಳ್ಳಬೇಡಿ. ಎಂಸಿಬಿ ಬೀಳುವುದು ಕರೆಂಟು ಮಿತಿ ಮೀರಿದರೆ. ಇಲ್ಲಿ ಕರೆಂಟು ಮಿತಿಯೊಳಗೇ ಇದೆ, ಬಿಸಿಯಾಗುತ್ತಿರುವುದು ಸಡಿಲ ಜೋಡಣೆ.

ಎಕ್ಸ್‌ಟೆನ್ಷನ್ ಬಾಕ್ಸ್ ಇನ್ನೂ ಅಪಾಯ. ಟಿವಿ, ಫೋನಿಗೆಂದು ಮಾಡಿದ ತೆಳ್ಳಗಿನ ವೈರ್ ಈ ಲೋಡ್ ತಡೆಯುವುದಿಲ್ಲ. ವೈರನ್ನು ಸುರುಳಿ ಸುತ್ತಿಟ್ಟಿದ್ದರೆ ಶಾಖ ಹೊರಹೋಗಲೂ ದಾರಿಯಿಲ್ಲ. 5 ಆಂಪ್ಸ್ ಪಾಯಿಂಟ್‌ಗೆ ದೊಡ್ಡ ಪ್ಲಗ್ ಹಾಕಲು ಸಿಗುವ ಕನ್ವರ್ಟರ್ ಪ್ಲಗ್ ಕೂಡ ಹೀಗೇ. ಮಳೆಯಲ್ಲಿ ಕಾರಿನ ಕಡೆಯ ಕನೆಕ್ಟರ್ ನೀರು ತಡೆಯುವಂತೆ ಮಾಡಿರುತ್ತಾರೆ, ಆದರೆ ಅಂಗಳದಲ್ಲಿ ನೆನೆಯುತ್ತಾ ಬಿದ್ದ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಆ ರಕ್ಷಣೆ ಇಲ್ಲ.

ಇನ್ನು ಅರ್ತಿಂಗ್. ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಹಲವು ಚಾರ್ಜರುಗಳು ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಆಗ ಕೆಲವರು ಚಾರ್ಜರಿಗೆ ಸುಳ್ಳು ಅರ್ತ್ ತೋರಿಸುವ ಉಪಾಯ ಹುಡುಕುತ್ತಾರೆ. ದಯವಿಟ್ಟು ಬೇಡ. ಆ ಕೆಂಪು ದೀಪ ಹೇಳುತ್ತಿರುವುದು ಇಷ್ಟೇ: ಎಲ್ಲಾದರೂ ಸೋರಿಕೆಯಾದರೆ ಕಾರು ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಅಂಗಳದಲ್ಲಿ ಆಡುವ ಮಕ್ಕಳೂ ಆ ಕಾರು ಮುಟ್ಟುತ್ತಾರೆ.

ಹಾಗಾದರೆ ಏನು ಮಾಡಬೇಕು?

ಅತಿಥಿಗಳು:

- ಬುಕ್ ಮಾಡುವಾಗಲೇ ಕೇಳಿ. "ಕಾರು ಚಾರ್ಜ್ ಮಾಡಬಹುದಾ, ಎಷ್ಟು ಕೊಡಬೇಕು" ಎಂದು ಎರಡೂ ಒಟ್ಟಿಗೆ ಕೇಳಿದರೆ ಮಾಲೀಕರ ಮುಜುಗರ ಅರ್ಧ ಕಡಿಮೆ.
- ಇಲ್ಲ ಎಂದರೆ ಒಪ್ಪಿಕೊಳ್ಳಿ. ದಾರಿಯ ಚಾರ್ಜರ್ ನೋಡಿಕೊಂಡೇ ಹೊರಡಿ.
- ಕಾರಿನಲ್ಲಿ ಅಥವಾ ಚಾರ್ಜರಿನಲ್ಲಿ ಕರೆಂಟು ತಗ್ಗಿಸುವ ಆಯ್ಕೆ ಇದ್ದರೆ 10 ಆಂಪ್ಸ್‌ಗೆ ಇಳಿಸಿ. ನಿಧಾನವಾದರೂ ಶಾಖ ಅರ್ಧಕ್ಕೆ ಇಳಿಯುತ್ತದೆ.
- ಹಾಕಿದ ಅರ್ಧ ಗಂಟೆಗೆ ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲಿಗೇ ನಿಲ್ಲಿಸಿ.
- ಎಷ್ಟು ಕೊಡಬೇಕೆಂದು ಗೊತ್ತಾಗದಿದ್ದರೆ ಲೆಕ್ಕ ಸುಲಭ. 45 ಯೂನಿಟ್ ಬ್ಯಾಟರಿ 40%ರಿಂದ 90%ಕ್ಕೆ ಏರಿದರೆ 22.5 ಯೂನಿಟ್, ನಷ್ಟ ಸೇರಿಸಿ 25. ಯೂನಿಟ್‌ಗೆ 10 ರೂ. ಎಂದರೆ 250 ರೂ.

ಮಾಲೀಕರು:

- ನಿಮ್ಮ ನಿಯಮವನ್ನು ಬುಕಿಂಗ್ ಪುಟದಲ್ಲೇ ಬರೆಯಿರಿ: ಚಾರ್ಜ್ ಇದೆಯೋ ಇಲ್ಲವೋ, ದರ ಎಷ್ಟು, ಜನರೇಟರ್ ಓಡುವಾಗ ಇಲ್ಲ ಎಂದು. ಬರೆದಿಟ್ಟರೆ ಬಾಯಿಬಿಟ್ಟು ಕೇಳುವ ಸಂಕೋಚ ಇಲ್ಲ.
- ಕೊಡುವುದಾದರೆ ಅದಕ್ಕೆಂದೇ ಒಂದು ಪಾಯಿಂಟ್ ಮಾಡಿಸಿ. ಮೀಟರ್ ಬೋರ್ಡಿನಿಂದ ನೇರ 4 ಚದರ ಮಿ.ಮೀ. ತಾಮ್ರದ ವೈರ್, ಅದರದ್ದೇ ಎಂಸಿಬಿ, 30 ಮಿಲಿಆಂಪ್ಸ್ ಆರ್‌ಸಿಸಿಬಿ, ಒಳ್ಳೆಯ ಅರ್ತಿಂಗ್. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿನಿಂದಲೇ ಮಾಡಿಸಿ.
- ಆ ಪಾಯಿಂಟ್‌ಗೆ ಒಂದು ಸಬ್‌ಮೀಟರ್ ಕೂರಿಸಿ. ಆಗ ಚರ್ಚೆಯೇ ಇಲ್ಲ, ಮೀಟರ್ ನೋಡಿ ಹಣ.
- ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಕಾರೊಂದೇ ಅದನ್ನು ಮೀರುತ್ತದೆ. ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಿ.

ನೆಂಟರ ಮನೆಗೆ ಹೋಗುವವರಿಗೆ ಒಂದೇ ಮಾತು. ಗಾಡಿ ಪ್ಲಗ್‌ಗೆ ಹಾಕುವ ಮುನ್ನ ಈ ತಿಂಗಳು ಎಷ್ಟು ಯೂನಿಟ್ ಆಗಿದೆ ಎಂದು ಮೀಟರ್ ಒಮ್ಮೆ ನೋಡಿ. 200ರ ಹತ್ತಿರ ಇದ್ದರೆ ಬೇರೆ ಕಡೆ ಚಾರ್ಜ್ ಮಾಡಿಕೊಂಡು ಬನ್ನಿ.

ಒಟ್ಟಾರೆ

ಒಂದು ರಾತ್ರಿಯ ಚಾರ್ಜ್‌ಗೆ ಮಾಮೂಲಿ ಸಾಕೆಟ್‌ನಲ್ಲಿ ಸುಮಾರು 30 ಯೂನಿಟ್, 200 ರೂಪಾಯಿ ಆಸುಪಾಸು. ಸಾವಿರಾರು ರೂಪಾಯಿ ಎಂಬುದು ಸುಳ್ಳು, ಏನೂ ಇಲ್ಲ ಎಂಬುದೂ ಸುಳ್ಳು. ಜನರೇಟರ್ ಓಡುತ್ತಿದ್ದರೆ ಅಥವಾ ಗೃಹಜ್ಯೋತಿಯ ಗಡಿ ದಾಟಿದರೆ ಮಾತ್ರ ಹೊರೆ ಹಲವು ಪಟ್ಟು. ಮೀಟರಿನ ಮೂಲಕ ಹೋದ ಕರೆಂಟಿಗೆ ಕಳ್ಳತನದ ಕೇಸು ಎಂಬುದು ಉತ್ಪ್ರೇಕ್ಷೆ, ಮಾಲೀಕರು ಹಣ ಕೇಳುವಂತಿಲ್ಲ ಎಂಬುದು ತಪ್ಪು. ದೊಡ್ಡ ಅಪಾಯ ಇರುವುದು ಬಿಲ್ಲಿನಲ್ಲಲ್ಲ, ಸಡಿಲ ಸಾಕೆಟ್ ಮತ್ತು ಇಲ್ಲದ ಅರ್ತಿಂಗ್‌ನಲ್ಲಿ.

ಮುಂದಿನ ಸಲ ಗ್ರೂಪಿನಲ್ಲಿ ಈ ವಿಷಯ ಬಂದಾಗ ಬಿಲ್ಲಿನ ಜಗಳವನ್ನು ಮುಂದಕ್ಕೆ ಕಳಿಸುವ ಬದಲು, ಪ್ಲಗ್ ಮುಟ್ಟಿ ನೋಡಿ ಎಂಬ ಒಂದು ಸಾಲನ್ನು ಕಳಿಸಿ. ಯಾರದ್ದಾದರೂ ಮನೆ ಉಳಿದೀತು.